ದಯವಿಟ್ಟು ನನ್ನನ್ನು ಎತ್ತಬೇಡಿ

ನಮ್ಮ ಕಡೆ ಹೆಂಗಸೊಬ್ಬಳು ನೀರಿಗಿಳಿದರೆ ಜನ ಸುಮ್ಮನೆ ನೋಡಿಕೊಂಡಿರುವುದಿಲ್ಲ. ಒಂದೋ ಎತ್ತಲು ಬರುತ್ತಾರೆ, ಇಲ್ಲವೇ ಏನಾದರೂ ಕೇಳಲು ಬರುತ್ತಾರೆ. ಐವತ್ತು ದಾಟಿದ ಮೇಲೆ ಈಜಲು ಹೊರಟ ನನಗೆ ಇವೆರಡೂ ಎಷ್ಟು ಸಲ ಆಗಿವೆಯೆಂದರೆ, ಈಗ ಆಶ್ಚರ್ಯಪಡುವುದಕ್ಕೂ ತ್ರಾಣವಿಲ್ಲ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಮೇಡಂ. ಹಿಂದಿ ಕಲಿಸುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇನೆ ಎಂದರೂ ತಪ್ಪಿಲ್ಲ. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆಯುವಷ್ಟರಲ್ಲಿ ಹೆಡ್‌ಮೇಷ್ಟ್ರು ಕರೆಯುತ್ತಾರೆ, ಬಿಸಿಯೂಟದ ಅಕ್ಕಿ ಬಂದಿದೆಯಂತೆ. ಮನೆಯಲ್ಲಿ ತಲೆಗೆ ಅರ್ಧ ಎಣ್ಣೆ ಹಚ್ಚಿರುವಾಗ ಯಜಮಾನರು ಕರೆಯುತ್ತಾರೆ, ಕನ್ನಡಕ ಕಾಣುತ್ತಿಲ್ಲವಂತೆ. ಅವರದು ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ಯಾವ ಮೂಟೆ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯನಿಗೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಏನೂ ಕಾಣುವುದಿಲ್ಲ. ಕೆಟ್ಟವರೇನಲ್ಲ. ಹುಡುಕುವುದು ಅವರ ಜಾತಕದಲ್ಲಿ ಬರೆದಿಲ್ಲ, ಅಷ್ಟೆ.

ಹೀಗಾಗಿ ಯಾವ ಕೆಲಸವನ್ನೂ ಶುರುವಿನಿಂದ ಕೊನೆಯವರೆಗೆ, ನಡುವೆ ಯಾರೂ ಕರೆಯದೆ, ನಾನೇ ಮಾಡಿ ಮುಗಿಸಿದ ನೆನಪು ನನಗಿಲ್ಲ. ಒಂದನ್ನಾದರೂ ಹಾಗೆ ಮುಗಿಸಬೇಕು ಎಂಬ ಹಟ ಹುಟ್ಟಿತು. ನೀರಿನೊಳಗೆ ಯಾರು ಕರೆಯುತ್ತಾರೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಆ ಕಡೆ ಯಾರಿದ್ದಾರೆ?

ಎಲ್ಲ ಶುರುವಾದದ್ದು ಮಂಡಿ ನೋವಿನಿಂದ. ಹಾಸನದ ಡಾಕ್ಟರು ಎಕ್ಸ್‌ರೇ ನೋಡಿ, ವಾಕಿಂಗ್ ಬೇಡ, ಈಜು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಕಟ್ಟಾಯದ ಹತ್ತಿರದ ನನ್ನ ತವರೂರಿನಲ್ಲಿ ಅಪ್ಪ ನನ್ನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿ ಕಲಿಸಿದ್ದ. ಬುರುಡೆ ಹೋಗಿ ಕಾಲವಾಯಿತು, ಈಜು ಹೋಗಿರಲಿಲ್ಲ.

ಹಾಸನದ ಈಜುಕೊಳದಲ್ಲಿ ಭಾನುವಾರ ಹೆಂಗಸರಿಗೆಂದೇ ಒಂದು ಗಂಟೆ ಇಟ್ಟಿದ್ದರು. ಬಸ್ಸು ಹತ್ತಿ ಹೋದೆ. ಹತ್ತು ಹನ್ನೆರಡು ಜನ ಎದೆಮಟ್ಟದ ನೀರಿನಲ್ಲಿ ದುಂಡಗೆ ನಿಂತು, ಮದುವೆ ಮನೆಯ ಊಟದಿಂದ ಹಿಡಿದು ಸೊಸೆಯರವರೆಗೆ ಮಾತಾಡುತ್ತಿದ್ದರು. ನಾನೊಬ್ಬಳೇ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೋಗಿಬರುತ್ತಿದ್ದೆ. ಅವರಲ್ಲಿ ಹಿರಿಯ ಹೆಂಗಸೊಬ್ಬರು ಬಹಳ ಹೊತ್ತು ನೋಡಿ, ಕೊನೆಗೆ ಕನಿಕರದಿಂದ ನನ್ನನ್ನು ನಿಲ್ಲಿಸಿದರು.

"ಆಗ್ಲಿಂದ ಆ ಕಡೆಗೆ ಹೋಗ್ತಾನೇ ಇದೀರಲ್ಲ ಮೇಡಂ, ಅಲ್ಲಿ ಯಾರಿದಾರೆ? ಬನ್ನಿ, ನಾವೆಲ್ಲ ಇಲ್ಲೇ ಇದೀವಿ."

ಹೊಳೆದಂಡೆಯ ಬುದ್ಧಿಮಾತು

ವಾರಕ್ಕೊಂದು ದಿನ ಹಾಸನ ಸಾಲದೆಂದು ನಮ್ಮೂರ ಹೊಳೆಗೇ ಇಳಿಯತೊಡಗಿದೆ. ನಾವು ಹೇಮಾವತಿ ಎನ್ನುವುದಿಲ್ಲ, ಹೊಳೆ ಅಷ್ಟೇ. ಒಂದು ಬೆಳಿಗ್ಗೆ ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಅದರ ಪಕ್ಕ ಬ್ಯಾಗು ಇಟ್ಟು, ಕನ್ನಡಕ ತೆಗೆದು ಬ್ಯಾಗಿನೊಳಗೆ ಹಾಕುತ್ತಿದ್ದೆ. ಎಮ್ಮೆ ಮೈ ತೊಳೆಯಲು ಬಂದಿದ್ದ ವಯಸ್ಸಾದ ರೈತರೊಬ್ಬರು ಅದನ್ನು ನೋಡಿ, ಎಮ್ಮೆಯನ್ನು ಅಲ್ಲಿಯೇ ಬಿಟ್ಟು ಓಡಿಬಂದು ನನಗೆ ಅಡ್ಡ ನಿಂತರು.

ಈಜಲು ಬಂದಿದ್ದೇನೆ ಎಂದೆ. ಎಲ್ಲರೂ ಹಾಗೇ ಹೇಳುವುದು ಎಂದರು. ಕೂರಿಸಿದರು. ಮನುಷ್ಯ ಜನ್ಮ ದೊಡ್ಡದು, ಕಷ್ಟ ಮರಕ್ಕೆ ಬರುತ್ತದೆಯೇ ಎಂದೆಲ್ಲ ಬುದ್ಧಿ ಹೇಳಿ, "ಜೀವ ಕಳ್ಕಳೋವಷ್ಟು ಏನು ಬಂದೈತೆ ಯೋಳು ತಾಯಿ, ನಾನೂ ಕೇಳ್ತೀನಿ" ಎಂದರು.

ಯಾರೂ ನನ್ನನ್ನು ಹಾಗೆ ಕೇಳಿ ಬಹಳ ದಿನವಾಗಿತ್ತು. ಬಾಯಿ ಬಿಟ್ಟೆ ನೋಡಿ. ಹತ್ತನೇ ಕ್ಲಾಸಿನ ರಿಸಲ್ಟು, ಚುನಾವಣೆ ಡ್ಯೂಟಿ, ಮನೆ ಮನೆ ಗಣತಿ, ಬಿಸಿಯೂಟದ ಮೊಟ್ಟೆಯ ಲೆಕ್ಕ, ಮಂಡಿ, ಅತ್ತೆಮನೆಯ ನೆಂಟರು, ಕಾಣದ ಕನ್ನಡಕ, ಒಂದನ್ನೂ ಬಿಡಲಿಲ್ಲ. ಅವರು ಮೊದಮೊದಲು ತಲೆಯಾಡಿಸಿದರು. ಆಮೇಲೆ ನೆಲ ನೋಡುತ್ತಾ ಕೂತರು. ಎಮ್ಮೆ ತಾನೇ ಮಿಂದು ಎದ್ದು ಹೋಗಿತ್ತು.

ಕೊನೆಗೆ ಅವರು ಟವೆಲ್ ಕೊಡವಿಕೊಂಡು ಎದ್ದರು. "ನಂಗೂ ತಲೆ ಓಡ್ತಿಲ್ಲ ಕಣವ್ವ. ನೀನು ಓಗು, ಈಜ್ಕಂಡೇ ಬಾ" ಎಂದರು.

ದೃಷ್ಟಿಬೊಂಬೆ

ಸೀರೆಯಲ್ಲಿ ದೂರ ಈಜಲಾಗುವುದಿಲ್ಲ, ಚೂಡಿದಾರದ ಪ್ಯಾಂಟು ನೀರು ತುಂಬಿಕೊಂಡು ಕೆಳಗೆಳೆಯುತ್ತದೆ. ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚುವ ಕರಿಯ ಈಜುಡುಗೆಯೊಂದನ್ನು ತರಿಸಿದೆ. ಅದನ್ನು ಹಾಕಿಕೊಳ್ಳುವುದೇ ಒಂದು ಸ್ಪರ್ಧೆ. ಅದರಲ್ಲಿ ಗೆದ್ದ ಮೇಲೆ ಈಜಲು ಉಸಿರು ಉಳಿದಿರಬೇಕು.

ಚನ್ನರಾಯಪಟ್ಟಣದಲ್ಲಿ ಟೀಚರುಗಳಿಗೆ ತರಬೇತಿಯಿತ್ತು. ಅಲ್ಲಿ ನನ್ನ ನಾದಿನಿಯ ಮನೆ ಇದೆ, ಅಲ್ಲೇ ಉಳಿದೆ. ಸಂಜೆ ಅಲ್ಲಿನ ಕೆರೆಯಲ್ಲಿ ಈಜಿ ಬಂದು, ಉಡುಗೆಯನ್ನು ಹಿಂಡಿ ತಾರಸಿಯ ಮೇಲೆ ನೇತುಹಾಕಿದೆ. ರಾತ್ರಿಯೆಲ್ಲ ಗಾಳಿ. ಬೆಳಿಗ್ಗೆ ನೋಡಿದರೆ ಗಾಳಿ ತುಂಬಿಕೊಂಡು, ಕೈಕಾಲು ಬೀಸುತ್ತಾ, ನನಗಿಂತ ಹುರುಪಾಗಿ ಕುಣಿಯುತ್ತಿತ್ತು.

ನಾದಿನಿಗೆ ನಾಚಿಕೆಯೋ ನಾಚಿಕೆ. ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ ಅತ್ತಿಗೆ ಎಂದು ಗೊಣಗುತ್ತಲೇ ಇದ್ದಳು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದೇ ಬಂದರು. ಅವರು ಮಹಡಿ ಮೇಲೆ ಮಹಡಿ ಕಟ್ಟಿಸುತ್ತಿದ್ದರು. ನಮ್ಮ ತಾರಸಿಯನ್ನೇ ಮೆಚ್ಚುಗೆಯಿಂದ ನೋಡುತ್ತಾ ಗೇಟಿನಲ್ಲಿ ನಿಂತರು. ನಾದಿನಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

"ಮೇಡಂ, ದೃಷ್ಟಿಬೊಂಬೆ ಭಾಳ ಚೆನ್ನಾಗೈತೆ" ಎಂದರು. "ನಾಳೆ ನಮ್ದು ಮೋಲ್ಡಿಂಗು. ಎರಡು ದಿನದ ಮಟ್ಟಿಗೆ ಕೊಡ್ತೀರಾ?"

ಉಳಿಸಿದವನು

ಹೋದ ವರ್ಷ ಗೊರೂರಿನ ಹಿನ್ನೀರಿನಲ್ಲಿ ಐದು ಕಿಲೋಮೀಟರಿನ ಈಜು ಸ್ಪರ್ಧೆ ನಡೆಯಿತು. ಈ ದಡದಲ್ಲಿ ಇಳಿದು ದೂರದ ಇನ್ನೊಂದು ದಡ ಸೇರಬೇಕು. ನಿಯಮ ಒಂದೇ. ತೆಪ್ಪ ಮುಟ್ಟಿದರೆ, ಇಲ್ಲವೇ ಯಾರಾದರೂ ನಿಮ್ಮನ್ನು ಮುಟ್ಟಿದರೆ, ಅಲ್ಲಿಗೆ ನಿಮ್ಮ ಆಟ ಮುಗಿಯಿತು.

ನಾನು ಮೊದಲಿನಿಂದಲೂ ಕೊನೆಯವಳು. ಅದರ ಬಗ್ಗೆ ಬೇಜಾರಿರಲಿಲ್ಲ. ದಡದ ಮೇಲಿನ ಜನ ಕಾಣುವಷ್ಟು ಹತ್ತಿರ ಬಂದ ಮೇಲೆ ಭುಜ ಸೋತಿತು. ಅಂಗಾತ ಮಲಗಿ, ಕೈಕಾಲು ಸಡಿಲ ಬಿಟ್ಟು, ಕಣ್ಣು ಮುಚ್ಚಿದೆ. ಮೇಲೆ ಆಕಾಶ, ಕೆಳಗೆ ನೀರು, ಕರೆಯುವವರು ಯಾರೂ ಇಲ್ಲ. ಅಷ್ಟು ಸುಖ ನಾನು ಹಾಸಿಗೆಯಲ್ಲೂ ಕಂಡಿರಲಿಲ್ಲ.

ಯಾರೋ ನನ್ನ ಜಡೆ ಹಿಡಿದು ಎಳೆದರು. ಕಣ್ಣು ಬಿಡುವಷ್ಟರಲ್ಲಿ ಬುಟ್ಟಿಯಂಥ ದುಂಡು ತೆಪ್ಪದೊಳಗೆ, ಮೀನುಗಳ ನಡುವೆ ಬಿದ್ದಿದ್ದೆ. ಅರಕಲಗೂಡಿನ ಕಡೆಯ ಮೀನುಗಾರ. ಸ್ಪರ್ಧೆಯ ಸುದ್ದಿಯೇ ಅವನಿಗೆ ಗೊತ್ತಿರಲಿಲ್ಲ. ಹೆಣ ತೇಲುತ್ತಿದೆ ಎಂದು ಬಂದಿದ್ದ. "ಉಸ್ರೈತೆ, ಉಸ್ರೈತೆ" ಎಂದು ದಡದವರಿಗೆ ಕೂಗಿ ಹೇಳಿ, ಸಂತೋಷಕ್ಕೆ ಕಣ್ಣು ಒರೆಸಿಕೊಂಡ. ಸ್ಪರ್ಧೆಯವರು ಸೀಟಿ ಊದಿ ನನ್ನ ಹೆಸರು ಹೊಡೆದುಹಾಕಿದರು. ಅವನ ಮುಖ ನೋಡಿ ಬೈಯಲೂ ಆಗಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿ ಕಡೆ ತಿರುಗಿ ಅತ್ತುಬಿಟ್ಟೆ. ಒಂದೇ ಒಂದು ಕೆಲಸ, ಅದೂ ಅರ್ಧಕ್ಕೇ.

ಅರಕಲಗೂಡಿನಲ್ಲಿರುವ ನನ್ನ ಅಣ್ಣ ಅವನನ್ನು ಮನೆಗೆ ಕರೆಸಿ ಶಾಲು ಹೊದಿಸಿದ. ಫೋಟೋದಲ್ಲಿ ಅವನು ನಗುತ್ತಿದ್ದಾನೆ, ನಾನು ನಿಜವಾಗಿಯೂ ಮುಳುಗಿದವಳ ಹಾಗೆ ನಿಂತಿದ್ದೇನೆ. ಅಂದಿನಿಂದ ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ನಾನು ಕಂಡರೆ ಸಾಕು, ಜೊತೆಯಲ್ಲಿದ್ದವರನ್ನೆಲ್ಲ ಕರೆತರುತ್ತಾನೆ.

"ಇವ್ರೇ ಕಣ್ಲಾ ನಾನು ಉಳ್ಸಿದ ಮೇಡಮ್ಮ. ಅವತ್ತು ನಾನಿಲ್ದಿದ್ರೆ ಇವತ್ತಿವ್ರು ಇಲ್ಲಿ ಬಸ್ಸು ಕಾಯ್ತಿರ್ನಿಲ್ಲ."

ಬಸ್ಸು ಬಾರದ ಕೆಲವು ದಿನ, ಅವನು ಮಾಡಿದ್ದು ಉಪಕಾರವೋ ಅಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ಸಕ್ಕರೆ ಡಬ್ಬ

ಈ ವರ್ಷ ಮತ್ತೆ ಹೆಸರು ಕೊಟ್ಟೆ. ನೀರಿಗಿಳಿಯುವ ದಡಕ್ಕೆ ಹೋಗಿ ನೋಡಿದರೆ, ಕೇಸರಿ ಜಾಕೆಟ್ಟು ಹಾಕಿಕೊಂಡು ಅದೇ ಮನುಷ್ಯ ನಿಂತಿದ್ದಾನೆ. ಹೋದ ವರ್ಷದ ಸಾಹಸ ನೋಡಿ ಸ್ಪರ್ಧೆಯವರು ಅವನನ್ನೇ ಈಜುವವರ ಕಾವಲಿಗೆ ಹಾಕಿಕೊಂಡಿದ್ದರು. ಅವನನ್ನು ಪಕ್ಕಕ್ಕೆ ಕರೆದು, ನೋಡಪ್ಪ, ನಾನು ತೇಲಲಿ, ಮಲಗಲಿ, ಏನಾದರೂ ಮಾಡಲಿ, ಎತ್ತು ಎಂದು ನಾನಾಗಿ ಹೇಳುವವರೆಗೆ ಮುಟ್ಟಬೇಡ, ಮುಟ್ಟಿದರೆ ನಾನು ಔಟು ಎಂದು ಬಿಡಿಸಿ ಹೇಳಿದೆ. ಅವನು ತೆಪ್ಪದ ಹುಟ್ಟು ಮುಟ್ಟಿ ಆಣೆಯಿಟ್ಟ.

"ಆಯ್ತು ಮೇಡಮ್ಮ. ನೀವು ಸತ್ರೂ ಮುಟ್ಟಾಕಿಲ್ಲ."

ಬಟ್ಟೆಯ ಬ್ಯಾಗುಗಳು ಆಚೆ ದಡಕ್ಕೆ ಹೋಗಬೇಕಿತ್ತು. ನನ್ನದನ್ನು ಅವನ ತೆಪ್ಪಕ್ಕೇ ಹಾಕಿದರು. ಮಿಕ್ಕವರೆಲ್ಲ ಮುಂದೆ ಹೋದರು. ಕೊನೆಯವಳ ಕಾವಲು ಅವನದೆಂದು ತೆಪ್ಪ ನನ್ನ ಪಕ್ಕದಲ್ಲೇ ಬರುತ್ತಿತ್ತು. ದಾರಿಯುದ್ದಕ್ಕೂ ಮಾತು. ಮಗಳಿಗೆ ಗಂಡು ನೋಡುವ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳಿದ. ಉಸಿರಿಗೆ ತಲೆ ಎತ್ತಿದಾಗಲೆಲ್ಲ ಹ್ಞೂಂ ಎಂದೆ. ಮೂರು ಸಂಬಂಧಕ್ಕೂ ಒಪ್ಪಿಗೆ ಕೊಟ್ಟೆ ಎಂದು ಆಮೇಲೆ ತಿಳಿಯಿತು.

ನಡುನೀರಿನಲ್ಲಿ ಬ್ಯಾಗಿನೊಳಗಿನ ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲಕ್ಕೆ ಅವನು ತಡೆಯಲಾರದೆ ತೆಗೆದ. "ಈಜ್ತಾವ್ರೆ ಸಾ" ಎಂದ. ಆ ಕಡೆಯಿಂದ ನಮ್ಮ ಯಜಮಾನರು, ಒಂದೇ ನಿಮಿಷ, ಕೊಡು ಎಂದಿರಬೇಕು. ಫೋನನ್ನು ಸ್ಪೀಕರಿಗೆ ಹಾಕಿ ನನ್ನ ತಲೆಯ ಮೇಲೆ ಹಿಡಿದ.

"ಏ ಕೇಳಿಸ್ತಿದೆಯಾ? ಚನ್ನರಾಯಪಟ್ಟಣದಿಂದ ತಂಗಿ, ಭಾವ ಬಂದವ್ರೆ. ಸಕ್ಕರೆ ಎಲ್ಲಿ?"

ಕಾಲು ಬಡಿಯುತ್ತಾ ನೀರಿನಲ್ಲಿ ನಿಂತೆ. ಅಡುಗೆಮನೆ, ಎರಡನೇ ಶೆಲ್ಫು, ಅವಲಕ್ಕಿ ಡಬ್ಬದ ಹಿಂದೆ ಎಂದೆ. ಇಲ್ಲ ಎಂದರು. ಇದೆ ಎಂದೆ. ಇಲ್ಲವೇ ಇಲ್ಲ ಎಂದರು. ಮೀನಖಂಡ ಸೆಟೆದುಕೊಂಡಿತು, ಬಾಯಿಗೆ ನೀರು ಹೋಯಿತು. ತೆಪ್ಪದ ಅಂಚು ಗೇಣುದ್ದದಲ್ಲಿತ್ತು. "ಒಸಿ ಇಡ್ಕಂಡೇ ಮಾತಾಡಿ ಮೇಡಮ್ಮ, ಯಾರು ನೋಡ್ತಾರೆ" ಎಂದ, ಪಾಪ. ನಿಜ ಹೇಳುತ್ತೇನೆ, ಕೈ ಎತ್ತಿದ್ದೆ. ಹಿಡಿದುಕೊಂಡಿದ್ದರೆ ಸಕ್ಕರೆ ಸಿಗುವವರೆಗೂ ಹಾಯಾಗಿ ನೇತಾಡಬಹುದಿತ್ತು. ಎಷ್ಟು ವರ್ಷದಿಂದ ಹೀಗೇ ನಡುವೆ ನಿಂತು ಡಬ್ಬ ತೋರಿಸುತ್ತಿದ್ದೇನೆ ಎಂದು ನೆನೆದು ಸಂಕಟವಾಯಿತು. ಕೈ ಇಳಿಸಿದೆ.

"ಇಲ್ದಿದ್ರೆ ಸಪ್ಪೆ ಕಾಫಿ ಕೊಡಿ" ಎಂದು ಹೇಳಿ ಮುಖವನ್ನು ನೀರೊಳಗಿಟ್ಟು ಹೊರಟೆ.

ಆ ಕಡೆ ಅವರು ಹಲೋ ಹಲೋ ಎನ್ನುತ್ತಲೇ ಇದ್ದರಂತೆ. ನಮ್ಮ ತೆಪ್ಪದವನು ಕಂಡದ್ದನ್ನು ಕಂಡ ಹಾಗೆ ವರದಿ ಮಾಡಿದ್ದಾನೆ. "ನೀರೊಳಕ್ಕೋದ್ರು ಸಾ." ಅಷ್ಟಕ್ಕೆ ಸಿಗ್ನಲ್ ಹೋಗಿದೆ.

ನಾನು ದಡದ ಹತ್ತಿರ ಬರುವ ಹೊತ್ತಿಗೆ ಬಹುಮಾನ ಕೊಟ್ಟಾಗಿತ್ತು, ಶಾಮಿಯಾನ ಬಿಚ್ಚುತ್ತಿದ್ದರು. ನೀರಿಗೆ ಅಡ್ಡಲಾಗಿ ಕಟ್ಟಿದ್ದ ಹಗ್ಗವನ್ನು ಮುಟ್ಟಿದರೆ ಮುಗಿಯಿತು. ಅದನ್ನು ಮಾತ್ರ ಪುಣ್ಯಾತ್ಮರು ಬಿಚ್ಚಿರಲಿಲ್ಲ. ತಲೆ ಎತ್ತಿ ನೋಡುತ್ತೇನೆ, ಹಗ್ಗದಿಂದ ಈಚೆಗೆ, ಸೊಂಟಮಟ್ಟದ ನೀರಿನಲ್ಲಿ, ಅಂಗಡಿಯ ಶರ್ಟು ಪ್ಯಾಂಟಿನಲ್ಲೇ ನಮ್ಮ ಯಜಮಾನರು ನನ್ನ ಕಡೆಗೆ ಬರುತ್ತಿದ್ದಾರೆ. ದಡದ ಮೇಲೆ ನಾದಿನಿ ಆಗಲೇ ಅಳುತ್ತಿದ್ದಾಳೆ. ಕಾರು ಮಾಡಿಕೊಂಡು ಎಲ್ಲರೂ ಓಡಿಬಂದಿದ್ದರು. ಯಜಮಾನರ ಎರಡೂ ಕೈ ನನ್ನತ್ತ ಚಾಚಿದ್ದವು. ಬೇಡ ಎಂದು ಕೂಗಲು ನನ್ನಲ್ಲಿ ಉಸಿರಿರಲಿಲ್ಲ. ಈ ವರ್ಷವೂ ಹೋಯಿತು ಎಂದುಕೊಂಡೆ.

ತೆಪ್ಪ ಸರ್ರನೆ ತಿರುಗಿ ನಮ್ಮಿಬ್ಬರ ನಡುವೆ ಬಂತು. ಅವನು ಹುಟ್ಟನ್ನು ಅಡ್ಡ ಹಿಡಿದಿದ್ದ.

"ಮುಟ್ಬ್ಯಾಡಿ ಸಾ."

"ಅವಳು ನನ್ನ ಹೆಂಡ್ತಿ ಕಣಯ್ಯ" ಎಂದರು ಇವರು.

"ಅಗ್ಗ ಮುಟ್ಟೋಗಂಟ ಯಾರೆಂಡ್ತೀನೂ ಅಲ್ಲ ಸಾ" ಎಂದ ಅವನು.

ನಾನು ಇಬ್ಬರನ್ನೂ ಬಳಸಿಕೊಂಡು ಹೋಗಿ ಹಗ್ಗ ಮುಟ್ಟಿದೆ. ಒಂದು ಕೈ ಸಾಲದೆಂದು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಶಾಮಿಯಾನ ಬಿಚ್ಚುತ್ತಿದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ಕೆಸರಿನಲ್ಲಿ ಕೂತು, ನಗುವೋ ಅಳುವೋ ತಿಳಿಯದೆ, ಮುಗಿಸಿದೆ, ಮುಗಿಸಿದೆ ಎನ್ನುತ್ತಿದ್ದೆ.

ಯಜಮಾನರು ಬಂದು ಪಕ್ಕದಲ್ಲಿ ಕೂತರು. ಒದ್ದೆ ತೋಳಿನಿಂದ ಮೂಗು ಒರೆಸಿಕೊಂಡು, ತಪ್ಪೊಪ್ಪಿಕೊಳ್ಳುವ ಹುಡುಗನ ದನಿಯಲ್ಲಿ ಹೇಳಿದರು.

"ಸಕ್ಕರೆ ಅಲ್ಲೇ ಇತ್ತು ಕಣೆ. ಅವಲಕ್ಕಿ ಡಬ್ಬದ ಹಿಂದೇನೇ."

ಮದುವೆಯಾದಂದಿನಿಂದ ಅವರು ಒಂದು ಡಬ್ಬ ಸರಿಸಿ ಹಿಂದೆ ನೋಡಿದ್ದು ಅದೇ ಮೊದಲು. ಅದಕ್ಕೆ ನಾನು ಐದು ಕಿಲೋಮೀಟರ್ ಈಜಬೇಕಾಯಿತು.