ಮೂರು ಸಾವಿರ ವಾಟಿನ ಅಗ್ನಿಪರೀಕ್ಷೆ

ಹುಡುಗನಿಗೆ ಯಾವ ಚಟವೂ ಇಲ್ಲ ಎಂದು ನಾಲ್ಕು ಕಡೆ ವಿಚಾರಿಸಿಯೇ ನನ್ನನ್ನು ಕೊಟ್ಟಿದ್ದರು. ಹಾಡಿನ ಚಟದ ಬಗ್ಗೆ ವಿಚಾರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಯಜಮಾನರು ಚೇತನಕುಮಾರರು ಕಾರು ತೆಗೆಯುವುದೇ ಹಾಡು ಹಚ್ಚಲಿಕ್ಕೆ. ಊರು ಮುಟ್ಟುವುದು ಅದರ ಜೊತೆಗೆ ಸಿಗುವ ಲಾಭ. ಕಳೆದ ತಿಂಗಳು ಸ್ಟೇಷನ್ ರಸ್ತೆಯ ಅಂಗಡಿಯಿಂದ ಕಾರಿಗೊಂದು ಆಂಪ್ಲಿಫೈಯರ್ ತಂದು, ಊಟಕ್ಕೆ ಕೂತಲ್ಲೇ, ರೊಟ್ಟಿ ಬುಟ್ಟಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದರು.

"ಮೂರು ಸಾವಿರ ವಾಟ್" ಎಂದರು.

ಅತ್ತೆ ಅಕ್ಕನಾಗಮ್ಮ ತುತ್ತನ್ನು ಕೈಯಲ್ಲೇ ಹಿಡಿದು, "ಯಾವ ಹೊಲದ ವಾಟ್ನಿ ಆತೋ? ನನಗೊಂದ್ ಮಾತು ಕೇಳಲಿಲ್ಲಲ್ಲ" ಎಂದರು. (ನಮ್ಮ ಕಡೆ ವಾಟ್ನಿ ಎಂದರೆ ಆಸ್ತಿ ಪಾಲು. ಆ ಶಬ್ದ ಬಿದ್ದರೆ ಮಲಗಿದವರೂ ಎದ್ದು ಕೂರುತ್ತಾರೆ.)

"ವಾಟ್ನಿ ಅಲ್ಲಬೇ ಯವ್ವಾ, ವಾಟ್. ಪವರ್."

ನಾನು ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಹುಡುಗರ ಸುಳ್ಳು ರೀಡಿಂಗ್ ಹಿಡಿಯುತ್ತಿರುವವಳು. ಪೆಟ್ಟಿಗೆ ತಿರುಗಿಸಿ ಫ್ಯೂಸ್ ನೋಡಿದೆ. ಇಪ್ಪತ್ತೈದು ಆಂಪಿಯರ್.

"ರೀ, ಕಾರಿನ ಬ್ಯಾಟರಿ ಹನ್ನೆರಡು ವೋಲ್ಟ್. ಇಪ್ಪತ್ತೈದ ಹನ್ನೆರಡ್ಲೆ ಎಷ್ಟು?"

"ಮುನ್ನೂರು."

"ಒಳಗ ಹೋಗೂದ ಮುನ್ನೂರು. ಹೊರಗ ಮೂರು ಸಾವಿರ ಹೆಂಗ ಬರ್ತೈತ್ರಿ? ಇದೇನು ಅಕ್ಷಯಪಾತ್ರೆ ಏನು?"

"ಡಬ್ಬಿ ಮ್ಯಾಲೆ ಅಚ್ಚು ಹಾಕ್ಯಾರ, ಶಾಂಭವಿ. ಸುಳ್ಳ ಹಾಕ್ತಾರೇನು?"

"ಅಳದು ತೋರಸ್ತೇನಿ. ಖರೇ ಇದ್ರ ನಾ ಇನ್ನ ಹಾಡಿನ ಸುದ್ದಿಗೆ ಬರಂಗಿಲ್ಲ. ಸುಳ್ಳಾದ್ರ ವಾಪಸ್ ಕೊಡೂದು."

ಅವರು ಒಪ್ಪಿದರು. ನಿಮ್ಮ ಮುಂದೆ ಮುಚ್ಚಿಡುವುದೇನು, ವಿಜ್ಞಾನ ಬರೀ ನೆಪ. ಆ ಪೆಟ್ಟಿಗೆ ಮನೆ ಬಿಟ್ಟು ತೊಲಗಬೇಕು, ಕಾರಿನಲ್ಲಿ ನಾನಾಡುವ ಮಾತು ಒಂದಾದರೂ ಕೇಳಿಸಬೇಕು ಎಂಬುದೇ ನನ್ನ ಸಂಕಲ್ಪವಾಗಿತ್ತು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ. ಸ್ಪೀಕರಿನ ಜಾಗದಲ್ಲಿ ಲ್ಯಾಬಿನಿಂದ ತಂದ ನಾಲ್ಕು ಓಮಿನ ಎರಡು ರೆಸಿಸ್ಟರ್ ಹಚ್ಚಿ, ಅವು ಕಾದು ಸುಡದಂತೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ಕಾರು ಚಾಲೂ ಮಾಡಿಸಿ, ಫೋನಿನಿಂದ ಒಂದೇ ಸಮನಾದ ಸ್ವರ ಬಿಟ್ಟೆ. ಸ್ವರ ಏರಿಸುತ್ತ ಹೋಗಿ, ಪುಟ್ಟ ಆಸಿಲೋಸ್ಕೋಪಿನ ಪರದೆಯಲ್ಲಿ ಅಲೆಯ ತಲೆ ಚಪ್ಪಟೆಯಾಗುವ, ಎಂದರೆ ಸ್ವರ ಒಡೆಯುವ, ಮುಂಚೆ ನಿಲ್ಲಿಸಿ ಮೀಟರ್ ನೋಡಿದೆ.

"ಹದಿನೆಂಟು ವೋಲ್ಟ್. ಹದಿನೆಂಟರ ವರ್ಗಕ್ಕ ನಾಲ್ಕರಿಂದ ಭಾಗಿಸಿದ್ರ ಎಂಬತ್ತೊಂದು ವಾಟ್. ಎಡಾ ಬಲಾ ಎರಡೂ ಕಡೆ ಹಿಡದ್ರ ನೂರಾ ಅರವತ್ತೆರಡು."

"ಹಾಡು ಇಲ್ಲ, ಸದ್ದಿಲ್ಲ. ಇದೆಂಥಾ ಪರೀಕ್ಷಾ? ಬಕೆಟ್ ಕೇಳತೈತೇನು?" ಎಂದು ಅವರು ತೀರ್ಪಿಗೆ ತಾಯಿಯ ಕಡೆ ತಿರುಗಿದರು.

"ಅತ್ತಿ, ನಾವು ನೀರು ಕಾಸೂ ಕಾಯಿಲ್ ಒಂದೂವರೆ ಸಾವಿರ ವಾಟ್. ಮೂರು ಸಾವಿರ ಅಂದ್ರ ಅಂಥಾವು ಎರಡು. ಖರೇ ಇದ್ರ ಈ ನೀರು ಕೈ ಸುಡಬೇಕು" ಎಂದೆ ನಾನು.

ಹತ್ತು ನಿಮಿಷ ಬಿಟ್ಟು ಅತ್ತೆ ಬಕೆಟ್ಟಿಗೆ ಕೈ ಹಾಕಿದರು. "ತಮ್ಮಾ, ಇದರಾಗ ಕೂಸಿಗೂ ಎರಿಯಾಕ ಬರಂಗಿಲ್ಲ. ನಿನ್ನ ಮಬ್ಬ ಮಾಡ್ಯಾರ" ಎಂದು ಕೈ ಒರೆಸಿಕೊಂಡು ಒಳಗೆ ಹೋದರು. ಮದುವೆಯಾದ ಮೇಲೆ ಅತ್ತೆ ನನ್ನ ಪಕ್ಷ ವಹಿಸಿದ್ದು ಅದೇ ಮೊದಲು.

ಪೆಟ್ಟಿಗೆ, ಮೀಟರು, ರೆಸಿಸ್ಟರು, ಯಜಮಾನರ ಸಮೇತ ಸ್ಟೇಷನ್ ರಸ್ತೆಗೆ ದಂಡಯಾತ್ರೆ ಹೊರಟೆ. ಅಂಗಡಿಯ ಮಾಲೀಕ ಮೆಹಬೂಬ ವಾದ ಮಾಡುತ್ತಾನೆಂದು ದಾರಿಯುದ್ದಕ್ಕೂ ಉತ್ತರಗಳನ್ನು ಮಸೆದುಕೊಂಡಿದ್ದೆ. ಅವನು ಎಲ್ಲ ಕೇಳಿ, "ನಾನೂ ಡಬ್ಬಿ ಓದೇ ತಂದೇನ್ರಿ ಮೇಡಮ್ಮಾರ. ವಾಪಸ್ ತಗೋತೇನಿ, ಅದರದೇನಿಲ್ಲ. ಹೆಂಗೂ ಮೀಟರ್ ತಂದೀರಿ, ಉಳದವನ್ನೂ ಒಂದೀಟು ನೋಡ್ರಲಾ" ಎಂದು ತಾನೇ ಬಕೆಟ್ ತುಂಬಿ ತಂದಿಟ್ಟ.

ಅಲ್ಲಿಗೆ ವಾಪಸಾತಿ ಮರೆತೆ. ಒಂದೊಂದೇ ಪೆಟ್ಟಿಗೆ ಬಂತು, ಒಂದೊಂದರ ಮಾನವೂ ನೀರಿನಲ್ಲಿ ಮುಳುಗಿತು. ಎರಡು ಸಾವಿರದ್ದು ಎಪ್ಪತ್ತಕ್ಕೆ ನಿಂತಿತು. ಐದು ಸಾವಿರದ್ದು ನೂರಕ್ಕೆ ಏದುಸಿರು ಬಿಟ್ಟಿತು. ಗಿರಾಕಿಗಳು ಸುತ್ತ ನೆರೆದು, ಪ್ರತಿ ಅಂಕಿಗೂ "ಹೌದ್ರೀ ಮೇಡಮ್ಮಾರ" ಎನ್ನತೊಡಗಿದರು. ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದರೂ ಇಂಥ ತರಗತಿ ನನಗೆ ಸಿಕ್ಕಿರಲಿಲ್ಲ.

ಕೊನೆಗೆ ಎಡ ಬಲ ಎಂದು ಎರಡಿಲ್ಲದೆ ಒಂದೇ ಔಟ್‌ಪುಟ್ ಇದ್ದ, ಧೂಳು ಹಿಡಿದ ಕಪ್ಪು ಪೆಟ್ಟಿಗೆಯೊಂದು ಬಂತು. ಮೇಲೆ ಸಂಕೋಚದಿಂದ ನಾಲ್ಕುನೂರು ಎಂದಷ್ಟೇ ಬರೆದಿತ್ತು. ಮೀಟರ್ ನಲವತ್ತು ಪಾಯಿಂಟ್ ಆರು ವೋಲ್ಟಿಗೆ ಏರಿ ನಿಂತಿತು.

"ನಾಲ್ಕುನೂರಾ ಹನ್ನೆರಡು" ಎಂದೆ. ಹೇಳಿದ್ದಕ್ಕಿಂತ ಹನ್ನೆರಡು ಹೆಚ್ಚು ಕೊಡುವ ಪ್ರಾಣಿಯನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ. "ಮೆಹಬೂಬಭಾಯ್, ಅದರ ಬದ್ಲಿ ಇದನ್ನ ಕೊಡ್ರಿ" ಎಂದು ಎತ್ತಿಕೊಂಡವಳು ನಾನೇ. ಅಷ್ಟೂ ಹೊತ್ತು ಯಜಮಾನರು ಮೂಲೆಯಲ್ಲಿ ಕೈಕಟ್ಟಿ ಬಾಯಿಮುಚ್ಚಿ ನಿಂತಿದ್ದರು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮರುದಿನ ಜೈನಾಪುರದ ನಾದಿನಿಯ ಮನೆಗೆ ಹೊರಟಾಗ ಅವರು ಹಾಡು ಹಚ್ಚಿದರು. ಹಲ್ಲುಗಳು ತಾವಾಗಿಯೇ ತಾಳ ಹಾಕಿದವು. "ಸಣ್ಣದು ಮಾಡ್ರಿ" ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಮೊದಲಿನ ಪೆಟ್ಟಿಗೆಯಾದರೂ ಪಾಪ, ಸುಳ್ಳು ಹೇಳಿ ಸುಮ್ಮನಿರುತ್ತಿತ್ತು.

ಬಬಲೇಶ್ವರದಲ್ಲಿ ಚಹಾಕ್ಕೆ ನಿಂತಾಗ, ಪಟಗಾ ಸುತ್ತಿದ ಹಿರಿಯರೊಬ್ಬರು ಕೋಲೂರುತ್ತ ನೇರ ನಮ್ಮ ಕಾರಿಗೇ ಬಂದರು. "ಯಾರದ್ರಿ ಈ ಗದ್ದಲ? ಎಮ್ಮಿ ಹಗ್ಗ ಹರಕೊಂಡ ಹೋಗ್ಯಾವ."

ನನಗೆ ದೇವರೇ ಬಂದಂತಾಯಿತು. ಯಜಮಾನರು ವಿನಯದಿಂದ ನನ್ನ ಕಡೆ ಕೈ ತೋರಿಸಿದರು. "ಇವರದ್ರಿ ಯಜ್ಜಾ. ಅಂಗಡ್ಯಾಗಿನವೆಲ್ಲಾ ಅಳದು, ಭಾಳ ಜೋರಿಂದು ಇದ ಅಂತ ಆರಿಸಿ ತಂದಾರ."

ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಲತಾಕಿ ಇದ್ದಂಗ ಕಾಣ್ತೀಯವ್ವಾ. ಹಿಂಗ ಮಾಡೂದೇನು? ಇದು ಏನ್ ಸಾವಿರಗಟ್ಟಲೆ ವಾಟಿಂದೋ ಏನೋ."

ತಲೆ ತಗ್ಗಿಸಿ ಕೈ ಮುಗಿಯಬೇಕಿತ್ತು. ಆದರೆ ತಪ್ಪು ರೀಡಿಂಗ್ ಕೇಳಿ ಸುಮ್ಮನಿರುವುದು ನನ್ನಿಂದಾಗದು.

"ಇಲ್ರಿ ಯಜ್ಜಾ" ಎಂದೆ, ಎದೆ ಸೆಟೆಸಿ. "ನಾಲ್ಕುನೂರಾ ಹನ್ನೆರಡು. ನಾನ ಅಳದೇನಿ."