ಕುಂಬಳಕಾಯಿ ಕಚ್ಚಿದ ಕಥೆ

"ಇನ್ನೆರಡೇ ತಿಂಗಳು! ಊರಿನ ಜೇನ್ನೊಣಗಳೆಲ್ಲ ನಮ್ಮ ತಾರಸಿಯ ವಿಳಾಸ ಕೇಳಿಕೊಂಡು ಬರದಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ಅಂಚೆ ಗುಮಾಸ್ತರು ಹೆಂಡತಿಯೆದುರು ಘೋಷಿಸಿದರು.

ಘೋಷಣೆಗೆ ಕಾರಣ ತಾರಸಿಯ ಕುಂಬಳದ ಬಳ್ಳಿ. ದಿನವೂ ಹೂ ಬಿಡುತ್ತಿತ್ತು, ಕಾಯಿ ಮಾತ್ರ ಒಂದೂ ಕಚ್ಚುತ್ತಿರಲಿಲ್ಲ. "ಪರಾಗ ಒಯ್ಯೋಕೆ ಜೇನ್ನೊಣ ಇಲ್ಲ. ಶುದ್ಧ ಬಟವಾಡೆ ಸಮಸ್ಯೆ!" ಎಂದು ಗುಮಾಸ್ತರು ರೋಗ ಪತ್ತೆಹಚ್ಚಿದರು. ಮದ್ದು, ಊರಾಚೆಯ ಬಯಲಿನಲ್ಲಿ ತಾನಾಗಿ ಬೆಳೆದು ಒಂದೇ ಋತು ಬಾಳುವ ನೀಲಿ ಕಾಡುಹೂ. ಎರಡು ಜೇಬು ತುಂಬ ಬೀಜ ತಂದು ತಾರಸಿ ತುಂಬ ಕುಂಡ ಇಟ್ಟು ಬಿತ್ತತೊಡಗಿದರು.

"ರೀ, ಅದು ಬಟ್ಟೆ ಒಣಗಿಸೋ ಜಾಗ!"

"ಹೂವರಳಿ ತಿಂಗಳೊಳಗೆ ಕಾಯಿ ಕಚ್ಚದಿದ್ರೆ ಎಲ್ಲ ಗಿಡ ನಾನೇ ಕಿತ್ತೆಸೀತೀನಿ. ಸರೀನಾ?"

ನೀಲಿ ಹೂವರಳಿತು. ಜೇನ್ನೊಣ, ದುಂಬಿ, ಚಿಟ್ಟೆ, ಹೆಸರೇ ಗೊತ್ತಿಲ್ಲದ ನಾಲ್ಕಾರು ಹುಳಗಳು ದಂಡೆತ್ತಿ ಬಂದವು. ಹೆಂಡತಿ ಒಣಗಿದ ದಿಂಬಿನ ಕವರು ಕೊಡವಿ, ಒಳಗಿದ್ದವರನ್ನು ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದಳು. ಹದಿನೈದೇ ದಿನದಲ್ಲಿ ಮೂರು ಕಾಯಿ ಕಚ್ಚಿದವು!

ಗುಮಾಸ್ತರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೌಂಟರಿನ ಮುಂದೆ ಸರದಿ ಬೆಳೆಯುತ್ತಿದ್ದರೂ ಒಬ್ಬೊಬ್ಬರಿಗೂ ಉಪನ್ಯಾಸ! "ಒಂದ್ಸಲ ನೋಡ್ಬೇಕಲ್ರೀ," ಎಂದು ಪೋಸ್ಟ್‌ಮಾಸ್ಟರು ಅಂದದ್ದೇ ತಡ, "ಭಾನುವಾರ ಬೆಳಿಗ್ಗೇನೇ ಬನ್ನಿ ಸಾರ್!" ಎಂದು ಕರೆದೇಬಿಟ್ಟರು.

ಭಾನುವಾರ ಶೇವ್ ಮಾಡಲು ಕೂತರೆ ಬ್ರಷ್ಷೇ ಇಲ್ಲ. ಹುಡುಕುವಷ್ಟರಲ್ಲಿ ಸಾಹೇಬರು ಬಂದರು. ಗುಮಾಸ್ತರು ಕುರುಚಲು ಗಡ್ಡದಲ್ಲೇ ಅವರನ್ನು ತಾರಸಿಗೆ ಕರೆದೊಯ್ದರು. ಅಲ್ಲಿ ಹೆಂಡತಿ ಬಳ್ಳಿಯ ನಡುವೆ ಕುಕ್ಕರಗಾಲಿನಲ್ಲಿ ಕೂತು, ಅದೇ ಶೇವಿಂಗ್ ಬ್ರಷ್ಷಿನಿಂದ ಗಂಡುಹೂವಿನ ಪರಾಗ ತೆಗೆದು ಹೆಣ್ಣುಹೂವಿಗೆ ಬಳಿಯುತ್ತಿದ್ದಳು!

"ಇದೇನೇ ಇದು? ಅಷ್ಟೊಂದು ಜೇನ್ನೊಣ ಇದಾವಲ್ಲ!"

"ಇದಾವೆ, ನಿಮ್ಮ ನೀಲಿ ಹೂವಿನ ಮೇಲೆ! ಅದನ್ನ ಬಿಟ್ಟು ಒಂದೂ ಈ ಕಡೆ ತಿರುಗಿ ನೋಡಿಲ್ಲ. ಕಾಯಿ ಕಚ್ಚದಿದ್ರೆ ಇಷ್ಟು ಚೆಂದದ ಗಿಡಗಳನ್ನ ಕಿತ್ತೆಸೀತೀರಲ್ಲ ಅಂತ ಹದಿನೈದು ದಿನದಿಂದ ನಾನೇ ಹಚ್ತಾ ಇದೀನಿ."

ಹೆಂಡತಿಗೂ ಆ ಹೂಗಳು ಇಷ್ಟವೆಂದು ಗುಮಾಸ್ತರಿಗೆ ಆವತ್ತೇ ತಿಳಿದದ್ದು. ಸಂತೋಷವೇ ಆಯಿತು. ಆದರೆ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮೂರನೇ ಮಹಡಿಯ ತಾರಸಿಯಲ್ಲಿ ಆ ಅನುಕೂಲವೂ ಇರಲಿಲ್ಲ.

ಪೋಸ್ಟ್‌ಮಾಸ್ಟರು ಬ್ರಷ್ಷನ್ನೂ ಗಡ್ಡವನ್ನೂ ಒಮ್ಮೆ ನೋಡಿ ಹೇಳಿದರು: "ಆಫೀಸಲ್ಲೂ ಹೀಗೇ ಅಮ್ಮಾ. ಮಾತೆಲ್ಲ ಇವರದು, ಕೆಲಸ ಯಾರೋ ಮಾಡ್ಬೇಕು. ನಾಳೆಯಿಂದ ನೀವು ಅಲ್ಲಿಗೂ ಬಂದ್ಬಿಡಿ!"