ಪೊನ್ನಡ್ಕ ಗಣಿಯ ಹತ್ತನೆಯ ಕೊಡ

ಪೊನ್ನಡ್ಕದಲ್ಲಿ ಚಿನ್ನದ ಗಣಿ ಇತ್ತೆಂಬುದು ನಿರ್ವಿವಾದವಾದ ಸಂಗತಿ. ಅದರಲ್ಲಿ ಚಿನ್ನ ಇತ್ತೇ ಎಂಬ ಬಗ್ಗೆ ಮಾತ್ರ ದಾಖಲೆಗಳು ಮೌನವಾಗಿವೆ. ಬೆಟ್ಟ ಅಗೆದು ಇಲಿ ಹಿಡಿದರೆಂದು ಗಾದೆಯುಂಟು. ಬಿಳಿಯರ ಕಂಪೆನಿಯೊಂದು ಇಲ್ಲಿ ವರ್ಷಗಟ್ಟಲೆ ಗುಡ್ಡ ಅಗೆಯಿತು, ಇಲಿಯೂ ಸಿಗಲಿಲ್ಲ. ಕಂಪೆನಿ ಗಂಟುಮೂಟೆ ಕಟ್ಟಿದ ಮರುವರ್ಷದ ಮಳೆಗೆ ಗಣಿ ಕುಸಿದು ಮುಚ್ಚಿಹೋಯಿತು.

ಕಂಪೆನಿಯಲ್ಲಿ ಕೂಲಿಗಿದ್ದ ಲೋಕಯ್ಯ ತನ್ನ ಪಿಕ್ಕಾಸನ್ನು ಹೆಗಲಿಗೇರಿಸಿ ಮನೆಗೆ ಬಂದು, ಅದೇ ಕೈಗುಣದಲ್ಲಿ ಹಿತ್ತಿಲ ಗುಡ್ಡಕ್ಕೆ ಸುರಂಗ ಕೊರೆಯತೊಡಗಿದ. ಈ ಸೀಮೆಯಲ್ಲಿ ಬಾವಿ ತೋಡಿ ಸೋತವರು ಹೀಗೆ ಗುಡ್ಡದ ಹೊಟ್ಟೆಗೆ ಅಡ್ಡ ಮಾಟೆ ಕೊರೆದು ನೀರು ತರುವುದುಂಟು. ಮೂರನೆಯ ಬೇಸಗೆಗೆ ನೀರು ಬಂತು. ಲೋಕಯ್ಯ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಅವನ ಹೆಂಡತಿ ಅಮ್ಮಣ್ಣಿಯ ಅಡಿಗೆ, ಎಮ್ಮೆ, ಬಸಳೆ ಚಪ್ಪರ ಎಲ್ಲ ನಡೆಯುತ್ತಿದ್ದುದು ಆ ನೀರಿನಿಂದಲೇ. ಬೇಸಗೆಯಲ್ಲಿ ಊರ ಬಾವಿಗಳು ಬತ್ತಿದರೆ ನೆರೆಕರೆಯವರಿಗೂ ಅದೇ ಗತಿ. ಗಂಡ ಬಿಟ್ಟುಹೋದ ಆಸ್ತಿಯೆಂದರೆ ಅದೊಂದೇ. ಬದುಕಿದ್ದಾಗ ಗಂಡನ ಮೇಲೆ ಇಲ್ಲದಿದ್ದ ಭರವಸೆ ಅವಳಿಗೆ ಆ ಸುರಂಗದ ಮೇಲಿತ್ತು.

೧೯೫೩ರಲ್ಲಿ ಮಂಗಳೂರಿನಿಂದ ಒಂದು ಸುತ್ತೋಲೆ ಬಂತು. ಐತಿಹಾಸಿಕ ಸಂದರ್ಶನೀಯ ಸ್ಥಳಗಳುಳ್ಳ ಊರುಗಳಿಗೆ ಸರ್ಕಾರ ರಸ್ತೆ ಮಾಡಿಕೊಡುವುದು. ವಿಶೇಷಾಧಿಕಾರಿಗಳು ಏಪ್ರಿಲಿನಲ್ಲಿ ತನಿಖೆಗೆ ಬರುವರು. ಪಂಚಾಯತು ಬೋರ್ಡಿನ ಅಧ್ಯಕ್ಷ ಶಿವಸುಬ್ರಹ್ಮಣ್ಯ ಭಟ್ಟರು ತುರ್ತು ಸಭೆ ಕರೆದರು. ಪೊನ್ನಡ್ಕದ ಇತಿಹಾಸ ತೃಪ್ತಿಕರವಾಗಿದೆಯೆಂದೂ, ಗಣಿಯೊಂದು ಮಾತ್ರ ಕೊರತೆಯಾಗಿದೆಯೆಂದೂ ಸಭೆ ಕಂಡುಕೊಂಡಿತು. ಗಣಿಯಂತೆಯೇ ಕಾಣುವ ಇನ್ನೊಂದು ಮಾಟೆ ಊರಲ್ಲಿರುವಾಗ ಹಳೆಯದನ್ನು ಅಗೆಯುವುದು ಸಾರ್ವಜನಿಕ ಹಣದ ದುರುಪಯೋಗವೆಂದು ಸರ್ವಾನುಮತದಿಂದ ಠರಾವಾಗಿ, ಮುಚ್ಚಿದ ಗಣಿಯೊಂದು ಊರಲ್ಲಿದೆಯೆಂದು ಮಂಗಳೂರಿಗೆ ಅರ್ಜಿ ಹೋಯಿತು.

ಮರುದಿನ ಬೋರ್ಡಿನ ಗುಮಾಸ್ತ ಕ್ಲೆಟಸ್ ಪೊರ್ಬುಗಳು ಸುರಂಗದ ಬಾಯಿಗೆ ಹಲಗೆ ಹೊಡೆದರು. ‘ಪೊನ್ನಡ್ಕ ಐತಿಹಾಸಿಕ ಚಿನ್ನದ ಗಣಿ. ಸಂದರ್ಶಕರು ಚಿನ್ನವನ್ನು ನಿರೀಕ್ಷಿಸತಕ್ಕದ್ದಲ್ಲ. ಗಣಿಯಲ್ಲಿ ನೀರಿರುವುದು ಇತಿಹಾಸಕ್ಕೆ ವಿರುದ್ಧವಾದುದರಿಂದ ಸಾರ್ವಜನಿಕರು ನೀರು ಒಯ್ಯಕೂಡದು.’

ಅಮ್ಮಣ್ಣಿ ಕೊಡ ಹಿಡಿದು ನಿಂತಳು. “ಇದೆಂತ ಪೊರ್ಬುಗಳೇ? ಇದು ನಮ್ಮವರು ಕೊರೆದ ಸುರಂಗ ಅಲ್ವಾ?”

“ಹೌದು ಅಮ್ಮಣ್ಣಿಯಕ್ಕ. ನಿನ್ನೆ ಮೀಟಿಂಗಿನಲ್ಲಿ ಗಣಿ ಆಯ್ತು.”

ಅಮ್ಮಣ್ಣಿ ಹಾಗೆಯೇ ಖಾಲಿ ಕೊಡದೊಂದಿಗೆ ಅಧ್ಯಕ್ಷರ ಜಗಲಿಗೆ ಹೋದಳು.

“ಊರಿಗೆ ರಸ್ತೆ ಬರ್ಲಿಕ್ಕುಂಟು, ಅಮ್ಮಣ್ಣಿ,” ಎಂದರು ಭಟ್ಟರು. “ನೀನು ಸ್ವಲ್ಪ ಸೈರಿಸಿಕೊಳ್ಬೇಕು.”

“ನಾನು ಸೈರಿಸಿಕೊಳ್ತೇನೆ ಭಟ್ರೇ. ಎಮ್ಮೆಗೆ ಮೀಟಿಂಗಿನ ವಿಷಯ ಗೊತ್ತಿಲ್ಲ. ಅದಕ್ಕೆ ಬಾಯಾರ್ತದೆ.”

ಭಟ್ಟರು ಕೆಟ್ಟವರಲ್ಲ. ಅವರ ಮನೆಯಲ್ಲಿಯೂ ಎಮ್ಮೆಯಿತ್ತು. ಸಂಜೆಯೊಳಗೆ ನಿಯಮಕ್ಕೆ ತಿದ್ದುಪಡಿಯಾಯಿತು: ಗಣಿ ಕಾರ್ಮಿಕರು ಕೆಲಸದ ನಿಮಿತ್ತ ಒಳಹೋಗಿ ಹೊರಬರಬಹುದು, ಕೈಯಲ್ಲಿ ಪಿಕ್ಕಾಸು ಇರತಕ್ಕದ್ದು. ಸೊಂಟದಲ್ಲಿ ಏನಿರಬೇಕೆಂಬ ಬಗ್ಗೆ ತಿದ್ದುಪಡಿ ಏನನ್ನೂ ಹೇಳಲಿಲ್ಲ. ಅಮ್ಮಣ್ಣಿ ಅಟ್ಟದಿಂದ ಗಂಡನ ಪಿಕ್ಕಾಸನ್ನು ಇಳಿಸಿ, ಹೆಗಲಲ್ಲಿ ಅದು, ಸೊಂಟದಲ್ಲಿ ಕೊಡ, ಹೀಗೆ ತನ್ನದೇ ಹಿತ್ತಿಲಲ್ಲಿ ವಂಶಪಾರಂಪರ್ಯ ಗಣಿ ಕಾರ್ಮಿಕಳಾದಳು.

ಏಪ್ರಿಲಿಗೆ ಬಾವಿಗಳು ಬತ್ತಿದವು. ಅರ್ಧ ಊರು ಗಣಿ ಕೆಲಸಕ್ಕೆ ಸೇರಿತು. ಪಿಕ್ಕಾಸು ಇಲ್ಲದವರು ಹಾರೆ ತಂದರು, ಕತ್ತಿ ತಂದರು. ಕ್ಲೆಟಸರ ಹೆಂಡತಿ ಜೂಲಿಬಾಯಿ ಕೊಡೆ ಹಿಡಿದು ಬಂದಾಗ ಕ್ಲೆಟಸರು ಅದನ್ನು ಸ್ವತಃ ಪರಿಶೀಲಿಸಿ, ಪಿಕ್ಕಾಸು ಎಂದು ದಾಖಲಿಸಿಕೊಂಡರು.

ವಿಶೇಷಾಧಿಕಾರಿಗಳು ಬಂದದ್ದು ಇಂಥ ಒಂದು ಬೆಳಿಗ್ಗೆ. ಮುಚ್ಚಿದ ಗಣಿಯೆಂದು ಅರ್ಜಿಯಲ್ಲಿದ್ದ ಸ್ಥಳದಿಂದ ಹೆಂಗಸರು ಗಂಡಸರು ಸಾಲಾಗಿ ಕೊಡ ತುಂಬಿಸಿಕೊಂಡು ಹೊರಬರುತ್ತಿದ್ದರು. ಭಟ್ಟರು ತೆಂಗಿನ ಮರದ ತುದಿ ನೋಡತೊಡಗಿದರು.

“ಕೊಡದಲ್ಲಿ ಏನಿದೆ?” ಎಂದು ಅಧಿಕಾರಿಗಳು ಎದುರಿಗಿದ್ದ ಅಮ್ಮಣ್ಣಿಯನ್ನು ಕೇಳಿದರು.

ನೀರು ಎಂದರೆ ನಿಷೇಧದ ಹಲಗೆ ತಲೆಯ ಮೇಲೆಯೇ ಇದೆ. ಚಿನ್ನ ಎಂದರೆ ಕೊಡವನ್ನೇ ಒಯ್ದಾರು. “ಒಳಗಿಂದ ಬಂದದ್ದು ಸ್ವಾಮಿ,” ಎಂದಳು.

ಅಧಿಕಾರಿಗಳು ಬೆರಳದ್ದಿ ರುಚಿ ನೋಡಿ ಬರೆದುಕೊಂಡರು: ‘ಗಣಿಯು ಚಾಲ್ತಿಯಲ್ಲಿದೆ. ಉತ್ಪನ್ನವು ದ್ರವರೂಪದಲ್ಲಿದೆ.’

ತಿಂಗಳೊಳಗೆ ಆಜ್ಞೆ ಬಂತು. ರಸ್ತೆ ಕೊಡುವುದು ಐತಿಹಾಸಿಕ ಗಣಿಗೆ ಮಾತ್ರ. ಚಾಲ್ತಿಯಲ್ಲಿರುವ ಗಣಿಯಾದರೆ ಉತ್ಪನ್ನದ ಹತ್ತನೆಯ ಒಂದು ಪಾಲು ಸರ್ಕಾರಕ್ಕೆ ಸಲ್ಲತಕ್ಕದ್ದು. ಹೀಗೆ ರಸ್ತೆ ಕೇಳಹೋದ ಪೊನ್ನಡ್ಕದ ಮೇಲೆ ಹತ್ತನೆಯ ಕೊಡ ಬಿತ್ತು.

ಮೊದಲ ಕೊಡವನ್ನು ಎತ್ತಿನ ಗಾಡಿಯಲ್ಲಿ ಕಾಸರಗೋಡಿನ ಖಜಾನೆಗೆ ಕಳುಹಿಸಲಾಯಿತು. ದಾರಿಯಲ್ಲಿ ತುಳುಕಿ ಅರ್ಧವಾದುದರಿಂದ ಖಜಾನೆಯವರು ಕೊರತೆಗೆ ಸಮಜಾಯಿಷಿ ಕೇಳಿದರು. ಪತ್ರಗಳು ಹೋದವು, ಪತ್ರಗಳು ಬಂದವು. ಕೊನೆಗೆ, ಸಾಗಾಟಕ್ಕೆ ಒಗ್ಗದ ಸರ್ಕಾರಿ ಉತ್ಪನ್ನವನ್ನು ಪಂಚಾಯತು ಕಚೇರಿಯಲ್ಲಿ ಅಳೆದು, ಮೊಹರು ಮಾಡಿ, ಅದು ದೊರೆತ ಸ್ಥಳದಲ್ಲಿಯೇ ಸುರಕ್ಷಿತವಾಗಿ ಇರಿಸತಕ್ಕದ್ದೆಂದು ಅಂತಿಮ ಆಜ್ಞೆಯಾಯಿತು.

ಅಂದಿನಿಂದ ಹಿರಿಯ ಕಾರ್ಮಿಕಳೆಂಬ ನೆಲೆಯಲ್ಲಿ ಅಮ್ಮಣ್ಣಿಯೇ ಸರ್ಕಾರದ ಕೊಡಗಳನ್ನು ಕಚೇರಿಗೆ ಒಯ್ಯುತ್ತಾಳೆ. ಕ್ಲೆಟಸರು ಕೊಡದ ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮುದ್ರೆ ಒತ್ತುತ್ತಾರೆ. ಅವಳು ಅದನ್ನು ಹಿಂದಕ್ಕೆ ಹೊತ್ತು ತಂದು, ಮುದ್ರೆ ಒಡೆದು, ಸುರಂಗದ ಬಾಯಲ್ಲಿ ಸುರಿಯುತ್ತಾಳೆ. ಇದನ್ನು ನೋಡಲು ಬೆಳ್ಳೂರು, ದೇಲಂಪಾಡಿಯ ಕಡೆಯಿಂದ ಜನ ರಸ್ತೆಯಿಲ್ಲದಿದ್ದರೂ ನಡೆದೇ ಬರುತ್ತಾರೆ. ಪೊನ್ನಡ್ಕದ ಸಂದರ್ಶನೀಯ ಸ್ಥಳಗಳ ಪೈಕಿ ಈಗ ಅದೇ ಮುಖ್ಯವಾದುದು.

“ಸುರಿದದ್ದು ಒಳಗೆ ಹೋಗ್ತದಾ, ಹೊರಗೆ ಬರ್ತದಾ?” ಎಂದು ಮೀಂಜದಿಂದ ಬಂದವರೊಬ್ಬರು ಒಮ್ಮೆ ವಿಚಾರಿಸಿದರು.

“ಅದು ಸರ್ಕಾರದ ನೀರು ಮಾರಾಯ್ರೆ,” ಎಂದಳು ಅಮ್ಮಣ್ಣಿ. “ಎಲ್ಲಿಗೆ ಹೋಗ್ತದೆ ಅಂತ ನಾವು ಕೇಳುವ ಹಾಗಿಲ್ಲ.”

ಅದು ಇಳಿಜಾರಿನಲ್ಲಿ ಹರಿದು ಅವಳ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ಬಸಳೆ ಹಿಂದೆಂದೂ ಇಷ್ಟು ಸೊಂಪಾಗಿ ಬಂದಿರಲಿಲ್ಲ. ವಾರಕ್ಕೊಂದು ಕಟ್ಟು ಭಟ್ಟರ ಮನೆಗೂ ಒಂದು ಕಟ್ಟು ಕ್ಲೆಟಸರ ಮನೆಗೂ ತಪ್ಪದೆ ಸಲ್ಲುತ್ತದೆ. ಅದನ್ನು ಲಂಚವೆಂದು ಯಾರೂ ಹೇಳಿಲ್ಲ. ಬೋರ್ಡಿನ ಕಡತದಲ್ಲಿ ಗಣಿಯ ಉಪೋತ್ಪನ್ನವೆಂದು ದಾಖಲಾಗಿದೆ.